ಕುಂಕುಮ ಕಾಣದ ಕ್ಯಾಮರಾ

ಎಲ್ಲದಕ್ಕೂ ಕಾರಣ ಅಂಚೆಚೀಟಿಯಷ್ಟು ಅಗಲದ ಒಂದು ಗಾಜಿನ ಚೂರು. ತುಳಸಿದಾಸನ ಕ್ಯಾಮರಾದ ಹೊಟ್ಟೆಯೊಳಗೆ ಅದು ಹನ್ನೆರಡು ವರ್ಷ ಯಾರಿಗೂ ತೊಂದರೆ ಕೊಡದೆ ಕೂತಿತ್ತು. ಅದನ್ನು ತೆಗೆಸಿದ್ದೇ ತಪ್ಪಾಯಿತು ಎಂದು ಅವನು ಈಗ ಹೇಳುತ್ತಾನೆ. ತೆಗೆಸುವಾಗ ಹೇಳಲಿಲ್ಲ. ಆಗ ಹೇಳಿದ್ದರೆ ನಾವು ಈ ಕತೆಯನ್ನು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ತುಳಸಿದಾಸ ಕಾರವಾರದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಮನೆ ಹಬ್ಬುವಾಡದಲ್ಲಿ. ನೆಂಟರ ಪೈಕಿ ಯಾರ ಮನೆಯಲ್ಲಿ ಮದುವೆಯಾಗಲಿ, ತೊಟ್ಟಿಲು ಹಾಕುವುದಾಗಲಿ, ಕ್ಯಾಮರಾ ಕುತ್ತಿಗೆಗೆ ಸಿಕ್ಕಿಸಿಕೊಂಡು ಹೋಗುವುದು ಅವನ ಪಾಲಿಗೆ ಬಂದಿತ್ತು. ಊಟ ಕೊನೆಯ ಪಂಕ್ತಿಯಲ್ಲಿ. ಎಲ್ಲರ ಆಲ್ಬಮ್ಮಿನಲ್ಲೂ ಎಲ್ಲರೂ ಇದ್ದರು, ಅವನೊಬ್ಬ ಎಲ್ಲಿಯೂ ಇರಲಿಲ್ಲ. ಹಲ್ಲು ಕಿರಿಯುವ ಮುಖಗಳನ್ನು ತೆಗೆದು ತೆಗೆದು ಅವನಿಗೆ ಮನುಷ್ಯಜಾತಿಯ ಮೇಲೇ ಬೇಸರ ಬಂದಿತ್ತು. ಅಂಥ ಹೊತ್ತಿನಲ್ಲಿ ಒಂದು ದಿನ ಮೊಬೈಲಿನಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ತೆಗೆದ ಫೋಟೋಗಳ ವಿಡಿಯೋ ಕಂಡ. ಮರದ ಎಲೆಗಳೆಲ್ಲ ಬೆಳ್ಳಗೆ, ಆಕಾಶ ಕಪ್ಪಗೆ, ನೀರು ಇನ್ನೂ ಕಪ್ಪಗೆ. ಅವನಿಗೆ ಅವತ್ತು ಊಟ ಸೇರಲಿಲ್ಲ.

ವಿಚಾರಿಸಿದಾಗ ಪುಣೆಯಲ್ಲಿ ಒಬ್ಬ ಸಿಕ್ಕ. ಕ್ಯಾಮರಾ ಬಿಚ್ಚಿ, ಆ ಬೆಳಕನ್ನು ತಡೆಯುವ ಗಾಜನ್ನು ತೆಗೆದು, ಆ ಬೆಳಕೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಡೆಯುವ ಇನ್ನೊಂದು ಗಾಜನ್ನು ಕೂರಿಸಿಕೊಡುವವನು. ತುಳಸಿದಾಸ ಕ್ಯಾಮರಾವನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕೊರಿಯರ್ ಮಾಡಿದ. ಹೆಂಡತಿ ಸುಮಲತಾಳಿಗೆ ‘ಸರ್ವಿಸಿಂಗಿಗೆ ಕಳಿಸಿದ್ದೇನೆ’ ಎಂದ. ಅರ್ಧ ನಿಜವಾದ ಸುಳ್ಳಿನಷ್ಟು ಅಪಾಯದ್ದು ಇನ್ನೊಂದಿಲ್ಲ, ಅದನ್ನು ಹೇಳುವಾಗ ಗಂಟಲು ಕೂಡ ಒಣಗುವುದಿಲ್ಲ.

ಕ್ಯಾಮರಾ ವಾಪಸು ಬಂದ ಮೇಲೆ ಎರಡು ತಿಂಗಳು ಅವನು ಬೇರೆಯೇ ಲೋಕದಲ್ಲಿದ್ದ. ಬಿಸಿಲು ಏರಿದಷ್ಟೂ ಒಳ್ಳೆಯದು ಎಂದು ಮಟಮಟ ಮಧ್ಯಾಹ್ನ ಕಡಲ ದಂಡೆಯ ಗಾಳಿಮರಗಳ ಮುಂದೆ ನಿಲ್ಲುತ್ತಿದ್ದ. ತೆಗೆದ ಫೋಟೋ ಕಂಪ್ಯೂಟರಿಗೆ ಹಾಕಿದರೆ ಮೊದಲು ಕೋಕಂ ಶರಬತ್ತಿನ ಬಣ್ಣದಲ್ಲಿ ಬರುತ್ತಿತ್ತು. ಹುಲ್ಲನ್ನು ಬಿಳಿಯೆಂದು ತೋರಿಸಿಕೊಟ್ಟು, ಉಳಿದ ಬಣ್ಣವನ್ನೆಲ್ಲ ಇಂಗಿಸಿ, ಆಕಾಶವನ್ನು ಒಂದಿಷ್ಟೊಂದಿಷ್ಟೇ ಕಪ್ಪು ಮಾಡಿ, ಎಲೆಗಳನ್ನು ಬೆಳಗಿಸುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಸುಮಲತಾ ಒಮ್ಮೆ ಬಗ್ಗಿ ನೋಡಿ, “ತೆಂಗಿನ ಮರಕ್ಕೆ ಬೂಷ್ಟು ಹಿಡಿದ ಹಂಗೆ ಕಾಣ್ತದೆ” ಎಂದು ಒಳಗೆ ಹೋದಳು. ಅವನು ಅದನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡುತ್ತಾನೆ ಎಂದೇ ಅವಳು ತಿಳಿದಿದ್ದಳು. ಕ್ಯಾಮರಾಕ್ಕೆ ಇನ್ನು ಮುಂದೆ ಸಾದಾ ಫೋಟೋ ತೆಗೆಯಲು ಬರುವುದೇ ಇಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವನು ಹೇಳಲೂ ಇಲ್ಲ.

ಹೀಗಿರುವಾಗ ಅಂಕೋಲೆಯ ಕೇಣಿಯಿಂದ ಸುಮಲತಾಳ ತಮ್ಮ ಉಮೇಶನ ಫೋನು ಬಂತು.

“ಭಾವ, ಬರೂ ಗುರುವಾರ ಹೊಸ ಬೋಟಿನ ಪೂಜೆ ಇಟ್ಕಂಡಿದೆ. ಫೋಟೋ ನಿಮ್ದೇ. ಮನೆ ಗೋಡೆಗೊಂದು, ಬೋಟಿಗೊಂದು, ಫ್ರೇಮ್ ಹಾಕ್ಸೂದು.”

“ಮೊಬೈಲಲ್ಲಿ ತೆಗೆದರೂ ಈಗ ಚಲೋ ಬರ್ತದೆ ಉಮೇಶ.”

“ಮೊಬೈಲಿಂದು ಸ್ಟೇಟಸ್ಸಿಗೆ ಅಡ್ಡಿಲ್ಲ. ಗೋಡೆಗೆ ಆಗೂದಿಲ್ಲ. ತಡೀರಿ, ಆಯಿ ಮಾತಾಡ್ತದಂತೆ.”

ಉಮೇಶನ ತಾಯಿ ಗಂಗೆ, ಅಂದರೆ ತುಳಸಿದಾಸನ ಅತ್ತೆ, ಫೋನು ಹಿಡಿದವಳು ಕ್ಷೇಮಸಮಾಚಾರವನ್ನೂ ಕೇಳದೆ, “ಅಳಿಯಾ, ಈ ಸಲ ನಂದೂ ಒಂದು ತೆಗೀರಿ ಹಂಗಾರೆ” ಎಂದಳು.

ಈ ಮಾತನ್ನು ಅವಳು ಹತ್ತು ವರ್ಷದಿಂದ ಹೇಳುತ್ತಿದ್ದಳು. ಅವಳದೆಂದು ಇದ್ದದ್ದು ಆಧಾರ ಕಾರ್ಡಿನ ಒಂದೇ ಫೋಟೋ. ಅದರಲ್ಲಿ ಅವಳು ಬೇರೆ ಯಾರದೋ ತಪ್ಪಿಗೆ ಸಿಕ್ಕಿಬಿದ್ದವಳಂತೆ ಕಾಣುತ್ತಾಳೆ. “ನಾ ಹೋದ ಮೇಲೆ ಅದನ್ನೇ ದೊಡ್ಡದು ಮಾಡಿ ಗೋಡೆಗೆ ಹಾಕ್ತಾರೆ. ಮಕ್ಕಳು ಆ ಕೋಣೆಗೆ ಬರೂದಿಲ್ಲ” ಎಂಬುದು ಅವಳ ಚಿಂತೆ. ಗಂಡನನ್ನು ಕಳೆದುಕೊಂಡವಳಾದ್ದರಿಂದ ಶುಭಕಾರ್ಯದ ಫೋಟೋಗಳಿಗೆ ಅವಳು ತಾನಾಗಿಯೇ ದೂರ. ಎಲ್ಲರದೂ ಮುಗಿದು, ಅವಳು ಕೈ ತೊಳೆದು ಸೆರಗು ಸರಿಮಾಡಿಕೊಂಡು ಬರುವಷ್ಟರಲ್ಲಿ ಬೆಳಕು ಹೋಗಿರುತ್ತಿತ್ತು, ಇಲ್ಲವೇ ಬ್ಯಾಟರಿ ಹೋಗಿರುತ್ತಿತ್ತು, ಇಲ್ಲವೇ ಕಾರವಾರದ ಬಸ್ಸು ಹೋಗುವುದರಲ್ಲಿರುತ್ತಿತ್ತು. “ಮುಂದಿನ ಸಲ ಖಂಡಿತ, ಅತ್ತೆ” ಎನ್ನುತ್ತಿದ್ದ ತುಳಸಿದಾಸ. “ಆಯ್ತು” ಎನ್ನುತ್ತಿದ್ದಳು ಗಂಗೆ. ಅವಳು ಒಮ್ಮೆಯಾದರೂ ಸಿಟ್ಟಾಗಿದ್ದರೆ ಅವನು ಎಂದೋ ತೆಗೆದುಬಿಡುತ್ತಿದ್ದನೇನೋ.

ನಿಜ ಹೇಳುವುದಿದ್ದರೆ ಅದೇ ಸಮಯ. ಕ್ಯಾಮರಾ ಹೀಗಾಗಿದೆ, ಬೇರೆಯವರಿಗೆ ಹೇಳಿ ಎಂದರೆ ಮುಗಿಯುತ್ತಿತ್ತು. ಆದರೆ ಆ ಮಾತು ಗಂಟಲಿಗೆ ಬರುವಷ್ಟರಲ್ಲಿ ಬಾಯಿ, “ಈ ಸಲ ತಪ್ಪೂದಿಲ್ಲ, ಅತ್ತೆ” ಎಂದುಬಿಟ್ಟಿತು. ಆಮೇಲೆ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕಪ್ಪುಬಿಳುಪು ಫೋಟೋಕ್ಕೆ ಒಂದು ಗಾಂಭೀರ್ಯ ಇರುತ್ತದೆ, ಹಳೇ ಕಾಲದವರದೆಲ್ಲ ಕಪ್ಪುಬಿಳುಪೇ ಅಲ್ಲವೇ. ಗಾಳಿಮರ, ಬಂಡೆ, ತೆಂಗು ಬಿಟ್ಟರೆ ಆ ಕ್ಯಾಮರಾ ಈವರೆಗೆ ಒಬ್ಬ ಮನುಷ್ಯನನ್ನೂ ನೋಡಿರಲಿಲ್ಲ ಎಂಬುದು ಅವನ ಲೆಕ್ಕಕ್ಕೆ ಬರಲಿಲ್ಲ.

ಗುರುವಾರ ಗಂಡ ಹೆಂಡತಿ ಸ್ಕೂಟರಿನಲ್ಲಿ ಹೊರಟು, ಅಂಕೋಲೆ ಪೇಟೆಯಲ್ಲಿ ಚೆಂಡುಹೂವಿನ ಮಾಲೆ ಕೊಂಡು, ಹತ್ತೂವರೆಗೆ ಕೇಣಿಯ ದಂಡೆಗೆ ಬಂದರು. ಹೊಸ ಫೈಬರ್ ಬೋಟು ಮರಳಿನ ಮೇಲೆ ಬಿಳಿ ಬಣ್ಣ ಬಳಿದುಕೊಂಡು ನಿಂತಿತ್ತು. ಮೂತಿಯ ಮೇಲೆ ಕೆಂಪು ಅಕ್ಷರದಲ್ಲಿ ‘ಗಂಗಾಮಾತಾ’ ಎಂದು ಹೆಸರು. ದೇವರದೂ ಆಯಿತು, ತಾಯಿಯದೂ ಆಯಿತು ಎಂದು ಉಮೇಶನೇ ಆರಿಸಿದ್ದು. ಉಮೇಶ ಹಿಂದಿನ ದಿನ ತಲೆಗೆ ಬಣ್ಣ ಹಚ್ಚಿಸಿಕೊಂಡಿದ್ದ, ಬಲಗಿವಿಗೂ ಸ್ವಲ್ಪ ತಾಗಿತ್ತು. ಅವನ ಹೆಂಡತಿ ದಮಯಂತಿ ಹಸಿರು ಸೀರೆಯುಟ್ಟು, ಬೋಟಿನ ದಿನವೆಂದು ಎಂದಿಗಿಂತ ದೊಡ್ಡದಾಗಿ ಕುಂಕುಮ ಇಟ್ಟುಕೊಂಡಿದ್ದಳು. ಕಾಲೇಜಿಗೆ ಹೋಗುವ ಮಗಳು ರಕ್ಷಿತಾ ಮೊಬೈಲು ಹಿಡಿದು ತನ್ನದೇ ಫೋಟೋ ತೆಗೆದುಕೊಳ್ಳುತ್ತಿದ್ದಳು.

ಇವರೆಲ್ಲರಿಗೂ ಮೇಲೆ ಜಟ್ಟು ಇದ್ದ. ಜಟ್ಟು ಪಕ್ಕದ ಮನೆಯ ಹಿರಿಯ. ಕಡಲಿಗೆ ಹೋಗುವುದನ್ನು ಬಿಟ್ಟು ಎಂಟು ವರ್ಷವಾದರೂ ಕಡಲಿಗೆ ಹೋಗುವವರನ್ನು ಬಿಟ್ಟಿರಲಿಲ್ಲ. ಕೇಣಿಯಲ್ಲಿ ಭರತಿ ದಿನಕ್ಕೆ ಎರಡು ಸಲ ಬರುತ್ತದೆ, ಜಟ್ಟು ಮಾತ್ರ ದಿನವಿಡೀ ಎಂದು ದಮಯಂತಿ ಹೇಳುವುದುಂಟು.

“ಹನ್ನೆರಡೂವರೆಗೆ ಭರತಿ ತುಂಬ್ತದೆ” ಎಂದ ಜಟ್ಟು. “ಒಂದು ಗಂಟೆ ಮೇಲೆ ಇಳೂಕೆ ಹಿಡೀತದೆ. ಅಷ್ಟರೊಳಗೆ ಬೋಟು ನೀರಿಗೆ ಬೀಳ್ಬೇಕು. ಮಾಸ್ತರೇ, ನಿಮ್ಮ ಫೋಟೋ ಬೇಗ ಬೇಗ.”

ಜಟ್ಟುವೇ ಬೋಟಿಗೆ ಹೂವೇರಿಸಿ ಕಾಯಿ ಒಡೆದ. ದಮಯಂತಿ ಆರತಿ ಎತ್ತಿದಳು. ಗಂಗೆ ಬಲೆಯ ರಾಶಿಯ ಹಿಂದೆ ತೆಂಗಿನ ಮರದ ಬುಡದಲ್ಲಿ ನಿಂತು ನೋಡುತ್ತಿದ್ದಳು. ತುಳಸಿದಾಸ ಅವಳತ್ತ ಕೈ ಮಾಡಿ, “ಅತ್ತೆ, ನಿಮ್ಮದು ಬೋಟು ಇಳಿದ ಮೇಲೆ. ಇವತ್ತು ಖಂಡಿತ” ಎಂದು ಕೂಗಿದ. “ಆಯ್ತು” ಎಂದಿರಬೇಕು, ಗಾಳಿಯಲ್ಲಿ ಕೇಳಿಸಲಿಲ್ಲ.

ಎಲ್ಲರನ್ನೂ ಬೋಟಿನ ಮುಂದೆ ನಿಲ್ಲಿಸಿ ಅವನು ನಾಲ್ಕೈದು ಫೋಟೋ ತೆಗೆದ. ನೋಡುವಾಗಲೇ ಕಪ್ಪುಬಿಳುಪಾಗಿ ಕಾಣುವಂತೆ ಪರದೆಯನ್ನು ಮೊದಲೇ ಹೊಂದಿಸಿಟ್ಟಿದ್ದ. ಪರದೆ ನೋಡಿ ಒಂದು ಕ್ಷಣ ಅವನ ಎದೆ ಉಬ್ಬಿತು. ಆಕಾಶ ಮಕ್ಕಳು ಬರೆಯುವ ಪಾಟಿಯ ಹಾಗೆ ಕಪ್ಪಗಿತ್ತು, ತೆಂಗಿನ ಗರಿಗಳು ಬೆಳ್ಳಿಯಾಗಿದ್ದವು. ಆಮೇಲೆ ದೃಷ್ಟಿ ಮನುಷ್ಯರ ಮೇಲೆ ಬಿತ್ತು, ಉಬ್ಬಿದ ಎದೆ ಅಲ್ಲೇ ಕುಸಿಯಿತು. ಪರದೆಯನ್ನು ಅಂಗೈಯಿಂದ ಮುಚ್ಚಬೇಕು ಎನ್ನುವಷ್ಟರಲ್ಲಿ ಅವನ ಹೆಗಲ ಮೇಲೆ ಜಟ್ಟುವಿನ ಗದ್ದ ಬಂದು ಕೂತಿತ್ತು.

“ಬೋಟಿನ ಹೆಸರು ಎಲ್ಲೋಯ್ತು ಮಾಸ್ತರೇ?”

ಬಿಳಿಯ ಮೇಲೆ ಬರೆದ ಕೆಂಪು ಅಕ್ಷರ ಆ ಬೆಳಕಿನಲ್ಲಿ ಬಿಳಿಯೊಳಗೆ ಬಿಳಿಯಾಗಿ ಕರಗಿಹೋಗಿತ್ತು. ಬೋಟು ಹೆಸರಿಡದ ಕೂಸಿನ ಹಾಗೆ ನಿಂತಿತ್ತು.

“ಹೆಸರಿಲ್ಲ ಅಂದ್ರೆ?” ಎನ್ನುತ್ತ ಉಮೇಶ ಬಂದ. ಅವನು ಹೆಸರನ್ನು ನೋಡಲಿಲ್ಲ, ತನ್ನ ತಲೆಯನ್ನು ನೋಡಿದ. ಪೇಟೆಯ ಬಣ್ಣ ಆ ಬೆಳಕಿಗೆ ಲೆಕ್ಕಕ್ಕೇ ಇರಲಿಲ್ಲ, ಒಳಗಿನ ನರೆಗೂದಲೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ರಕ್ಷಿತಾ ಬಗ್ಗಿ ನೋಡಿ, “ಪಪ್ಪಾ, ನೀವು ಅಜ್ಜ ಆಗೀರಿ” ಎಂದು ನಕ್ಕಳು.

ಕೊನೆಗೆ ದಮಯಂತಿ ಬಂದಳು. ಪರದೆಯನ್ನು ತುಂಬ ಹೊತ್ತು ನೋಡಿದಳು. ಹಸಿರು ಸೀರೆ ಬೆಳ್ಳಗಾಗಿತ್ತು. ಅವಳು ಬೆರಳಿನಿಂದ ಹಣೆ ಮುಟ್ಟಿಕೊಂಡಳು. ಬೆರಳು ಕೆಂಪಾಯಿತು. ಮತ್ತೆ ಪರದೆ ನೋಡಿದಳು.

“ಭಾವ, ನನ್ನ ಕುಂಕುಮ ಎಲ್ಲಿ?”

ಅವಳು ಗಟ್ಟಿಯಾಗಿ ಕೇಳಲಿಲ್ಲ. ಆದರೂ ಬೋಟು ನೂಕಲು ಬಂದಿದ್ದ ಹುಡುಗರೆಲ್ಲ ಬೋಟಿನಿಂದ ಕೈ ತೆಗೆದರು. ಹದಿನೆಂಟು ವರ್ಷದ ಹಿಂದೆ ಇದೇ ದಂಡೆಯಿಂದ ಅವಳ ಮಾವ, ಅಂದರೆ ಉಮೇಶನ ತಂದೆ, ಕಡಲಿಗೆ ಹೋಗಿದ್ದ, ಮೂರು ದಿನದ ಮೇಲೆ ದೋಣಿಯೊಂದೇ ತಿರುಗಿ ಬಂದಿತ್ತು. ಅದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ತುಳಸಿದಾಸ ಮಾಸ್ತರಿಕೆಗೆ ಇಳಿದ. “ಇದು ಇನ್‌ಫ್ರಾರೆಡ್ ಅಂತ, ದಮಯಂತಿ. ಕೆಂಪು ಬಣ್ಣ, ಸೀರೆಯ ಬಣ್ಣ ಎಲ್ಲ ಈ ಬೆಳಕಿಗೆ ಬಿಳಿಯಾಗಿ ಕಾಣ್ತದೆ. ಹೆದರೂದು ಎಂತದೂ ಇಲ್ಲ. ಈ ಕ್ಯಾಮರಾ ನಮ್ಮ ಕಣ್ಣಿಗೆ ಕಾಣದ್ದನ್ನ ಕಾಣ್ತದೆ, ಅಷ್ಟೇ.”

“ನಮ್ಮ ಕಣ್ಣಿಗೆ ಕಾಣದ್ದು ಅಂದ್ರೆ ಮುಂದಿಂದು” ಎಂದ ಜಟ್ಟು.

“ಮುಂದಿಂದಲ್ಲ ಜಟ್ಟು ಮಾಮ, ಈಗಿಂದೇ.”

“ಈಗ ಕುಂಕುಮ ಅದೆ. ಫೋಟೋದಲ್ಲಿ ಇಲ್ಲ. ಹಂಗಾರೆ ಅದು ಈಗಿಂದು ಹ್ಯಾಂಗಾಯ್ತು?”

ಅಷ್ಟರಲ್ಲಿ ಪರದೆಯ ಫೋಟೋವನ್ನು ಹಿಗ್ಗಿಸುತ್ತಿದ್ದ ರಕ್ಷಿತಾ, “ಅಜ್ಜಿ ಹಣೆ ಮೇಲೆ ಬೊಟ್ಟು ಅದೆ” ಎಂದಳು.

ಫೋಟೋದ ಮೂಲೆಯಲ್ಲಿ, ಬಲೆಯ ರಾಶಿಯ ಹಿಂದೆ ಗಂಗೆ ಇದ್ದಳು. ಅವಳನ್ನು ಸೇರಿಸಬೇಕೆಂದು ತೆಗೆದದ್ದಲ್ಲ, ಸೇರಿಕೊಂಡಿದ್ದಳು. ಅವಳ ಹುಬ್ಬುಗಳ ನಡುವೆ ಹುರುಳಿಕಾಳಿನಷ್ಟು ದುಂಡನೆಯ ಕಪ್ಪು ಬೊಟ್ಟು ಎದ್ದು ಕಾಣುತ್ತಿತ್ತು. ಎಲ್ಲರೂ ತಿರುಗಿ ನಿಜವಾದ ಗಂಗೆಯ ಕಡೆ ನೋಡಿದರು. ಅವಳ ಹಣೆಯಲ್ಲಿ ಬಿಸಿಲಿಗೆ ಸುಟ್ಟ ಸುಕ್ಕುಗಳ ಹೊರತು ಏನೂ ಇರಲಿಲ್ಲ.

“ಇರಬೇಕಾದವ್ರಿಗೆ ಇಲ್ಲ, ಇರಬಾರದವ್ರಿಗೆ ಅದೆ” ಎಂದ ಜಟ್ಟು. “ಅದಲುಬದಲು. ನಂಗೆ ಇದು ಚಲೋ ಕಾಣೂದಿಲ್ಲ.”

“ಅದು ಧೂಳು” ಎಂದ ತುಳಸಿದಾಸ. “ಕ್ಯಾಮರಾದ ಒಳಗೆ ಧೂಳಿನ ಕಣ ಕೂತ್ರೆ ಹಂಗೆ ಕಪ್ಪು ಚುಕ್ಕೆ ಬರ್ತದೆ.”

ಅವನು ನಿಜವಾಗಿ ಹಾಗೆಂದೇ ನಂಬಿದ್ದ. ಆ ನಂಬಿಕೆಯನ್ನು ನೆನೆದು ಅವನು ಇಂದಿಗೂ ಒಮ್ಮೊಮ್ಮೆ ಕಣ್ಣು ಮುಚ್ಚಿಕೊಳ್ಳುತ್ತಾನೆ.

ದಮಯಂತಿ ಬೋಟಿಗೆ ಬೆನ್ನು ಕೊಟ್ಟು ಮರಳಿನ ಮೇಲೆ ಕೂತುಬಿಟ್ಟಳು. “ನಾ ಇಳಸಗೊಡೂದಿಲ್ಲ” ಎಂದಳು. ಕಣ್ಣೀರು ಇಳಿಯತೊಡಗಿತು. ಉಮೇಶ ಸಮಾಧಾನ ಹೇಳಿದ, ಜಟ್ಟು ಕಡಲು ನೋಡಿದ. ನೀರು ಬೋಟಿನ ಹತ್ತಿರ ಬಂದು, ಇನ್ನೇನು ತಡ ಎಂದು ಕೇಳುವ ಹಾಗೆ ಮುಟ್ಟಿ ಹೋಗುತ್ತಿತ್ತು.

ಸುಮಲತಾ ಗಂಡನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. “ನೀವು ಸರ್ವಿಸಿಂಗಿಗೆ ಕಳಿಸಿದ್ದು ಅಂದ್ರಲ್ಲ?”

“ಒಂದು ಗಾಜು ಬದಲಿ ಮಾಡಿಸಿದೆ.”

“ಮೊದಲಿನ ಹಂಗೆ ತೆಗೀಲಿಕ್ಕೆ ಬರೂದಿಲ್ವೋ?”

“ಇಲ್ಲ.”

“ಚಲೋ ಇದ್ದ ಕ್ಯಾಮರಾ. ಯಂತಕ್ಕೆ ಕೆಡಿಸ್ಕಂಡ್ರಿ?”

ಅವನು ಮರಗಳು ಬೆಳ್ಳಗೆ ಕಾಣುತ್ತವೆ ಎನ್ನಬೇಕೆಂದಿದ್ದ. ದಮಯಂತಿ ಅಳುತ್ತ ಕೂತಿರುವಾಗ ಆ ಮಾತು ಬಾಯಿಗೆ ಬರಲಿಲ್ಲ. ಅವಳ ಹೆದರಿಕೆಗೆ ಬುಡವಿಲ್ಲದಿರಬಹುದು, ಅಳು ಮಾತ್ರ ನಿಜದ್ದು. ಆ ಅಳುವನ್ನು ಕುತ್ತಿಗೆಗೆ ಕಟ್ಟಿಕೊಂಡು ಕಾರವಾರದಿಂದ ಹೊತ್ತು ತಂದವನು ತಾನೇ ಎಂದು ಅವನಿಗೆ ಅನಿಸಿತು.

“ಅಳಿಸಿಬಿಡ್ತೇನೆ” ಎಂದ. “ಎಲ್ಲರ ಎದುರೇ ಅಳಿಸ್ತೇನೆ.”

ಎಲ್ಲರೂ ಸುತ್ತ ನಿಂತರು. ಅವನು ಒಂದೊಂದಾಗಿ ಫೋಟೋ ತೋರಿಸಿ ಹೆಬ್ಬೆರಳಿನಿಂದ ಗುಂಡಿ ಒತ್ತಿದ. ಹೆಸರಿಲ್ಲದ ಬೋಟು ಹೋಯಿತು, ನರೆತ ಉಮೇಶ ಹೋದ. ಕೊನೆಗೆ ಉಳಿದದ್ದು ಮೂಲೆಯಲ್ಲಿ ಗಂಗೆ ಇದ್ದದ್ದು. ಅಷ್ಟರಲ್ಲಿ ದೂರದಲ್ಲಿದ್ದ ಗಂಗೆ ಕೈಯೆತ್ತಿ ಏನೋ ಹೇಳಿದಳು. ಬಲೆಯ ಮೇಲೆ ಕೂತ ಕಾಗೆ ಓಡಿಸುತ್ತಿದ್ದಾಳೆ ಎಂದುಕೊಂಡು ತುಳಸಿದಾಸ ಅದನ್ನೂ ಒತ್ತಿದ.

ಆದರೆ ಉಮೇಶನಿಗೆ ತೃಪ್ತಿಯಾಗಲಿಲ್ಲ. “ಅಳಿಸಿದ್ದು ತಿರುಗಿ ಬರ್ತದೆ ಭಾವ. ನನ್ನ ಮೊಬೈಲ್ ಕೆಟ್ಟಾಗ ಅಂಗಡಿಯವ ಎಲ್ಲ ವಾಪಸ್ ತೆಗ್ದುಕೊಟ್ಟಿದ್ದ.”

“ಬರ್ತದೋ ಮಾಸ್ತರೇ?” ಎಂದ ಜಟ್ಟು.

ಸುಳ್ಳು ಹೇಳಬೇಕಾಗಿದ್ದ ಒಂದೇ ಒಂದು ಜಾಗದಲ್ಲಿ ತುಳಸಿದಾಸ ನಿಜ ಹೇಳಿದ. “ಬರ್ತದೆ. ಫೋಟೋ ಉಳಿಯೂ ಮೆಮರಿ ಚಿಪ್ಪು ಇದ್ರೆ ಕಂಪ್ಯೂಟರಿನಲ್ಲಿ ತೆಗೀಬಹುದು.”

ಹಾಗಾದರೆ ಚಿಪ್ಪೇ ಇರಬಾರದು ಎಂದು ತೀರ್ಮಾನವಾಯಿತು. ಹಳೆಯ ಕ್ಯಾಮರಾದ ಚಿಪ್ಪು ಬಿಸ್ಕಿಟ್ಟಿನಷ್ಟು ದಪ್ಪ, ಈಗ ಅಂಗಡಿಗಳಲ್ಲಿ ಕೇಳಿದರೆ ಹುಡುಗರು ನಗುತ್ತಾರೆ. ಅವನು ಅದನ್ನು ತೆಗೆದು ಉಮೇಶನ ಕೈಗಿಟ್ಟ. ಉಮೇಶ ಅದನ್ನು ಹೂವು ಕಾಯಿಯ ಜೊತೆ ಬಾಳೆಲೆಯಲ್ಲಿ ಸುತ್ತಿದ. ದಮಯಂತಿ ಮುಖ ತೊಳೆದು ಹೊಸದಾಗಿ ಕುಂಕುಮ ಇಟ್ಟುಕೊಂಡು ಬಂದು ಬೋಟಿನ ಮೂತಿ ಮುಟ್ಟಿ ನಮಸ್ಕರಿಸಿದಳು. ಹುಡುಗರು ಹೆಗಲು ಕೊಟ್ಟರು. ಒಂದಕ್ಕೆ ಹತ್ತು ನಿಮಿಷ ಇರುವಾಗ ಗಂಗಾಮಾತಾ ನೀರಿಗಿಳಿದಳು. ತೆರೆ ದಾಟಿದ ಮೇಲೆ ಉಮೇಶ ಬಾಳೆಲೆಯ ಗಂಟನ್ನು ಸಮುದ್ರಕ್ಕೆ ಬಿಟ್ಟದ್ದು ದಂಡೆಯಿಂದಲೇ ಕಂಡಿತು.

ಊಟವಾದ ಮೇಲೆ ತುಳಸಿದಾಸ ಹಿತ್ತಿಲಲ್ಲಿ ಒಬ್ಬನೇ ಕೂತಿದ್ದ. ಗಂಗೆ ಬಂದಳು. ಒಗೆದ ಸೀರೆ ಉಟ್ಟಿದ್ದಳು, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಅವನ ಎದುರಿಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

“ಅತ್ತೆ, ಕ್ಯಾಮರಾದ ಚಿಪ್ಪು...” ಎಂದು ಅವನು ತಡವರಿಸಿದ.

“ಹೊಸದು ತೆಗೀದೆ ಇದ್ರೂ ಅಡ್ಡಿಲ್ಲ. ಆಗ ತೆಗ್ದಿದ್ದು ಅದೆಯಲ್ಲ, ಅದನ್ನೇ ತೋರ್ಸಿ. ನನ್ನ ಬೊಟ್ಟು ಕಂಡ್ತು ಅಂತ ರಕ್ಷಿತಾ ಹೇಳ್ತು. ಹೌದೆ?”

“ಅದು ಧೂಳು, ಅತ್ತೆ.”

“ಧೂಳಲ್ಲ. ಹಚ್ಚೆ.” ಅವಳು ಹುಬ್ಬುಗಳ ನಡುವೆ ಬೆರಳಿಟ್ಟಳು. “ನಂಗೆ ಏಳು ವರ್ಷ ಆಗಿರುವಾಗ ನನ್ನ ಆಯಿ ಹೊಯ್ಸಿದ್ದು. ದೀಪದ ಮಸಿ ಕಲಸಿ ಸೂಜಿಯಲ್ಲಿ ಚುಚ್ಚೂದು. ನಾ ಅತ್ತಿದ್ದಕ್ಕೆ ಒಂದು ಅಚ್ಚು ಬೆಲ್ಲ ಕೊಟ್ಟಿದ್ಲು. ಬಂಗಾರ ಕಳ್ಳ ಒಯ್ತಾನೆ, ಕುಂಕುಮ ವಿಧಿ ಒಯ್ತದೆ, ಇದೊಂದು ಕೊನೆವರೆಗೂ ನಿನ್ನ ಸಂಗ್ತಿ ಬರ್ತದೆ ಅಂತ ಹೇಳಿದ್ಲು. ಅದರ ಮೇಲೇ ಕುಂಕುಮ ಇಡ್ತಿದ್ದೆ, ಮಕ್ಕಳ ಲಕ್ಷ್ಯಕ್ಕೇ ಬರ್ಲಿಲ್ಲ. ಆಮೇಲೆ ಬಿಸಿಲಿಗೆ ಚರ್ಮ ಕಪ್ಪಾಗಿ, ಸುಕ್ಕು ಬಿದ್ದು, ಹದಿನೈದು ವರ್ಷದಿಂದ ಕನ್ನಡಿಯಲ್ಲಿ ಕಂಡಿದ್ದೇ ಇಲ್ಲ. ಹೋಯ್ತು ಅಂತ ಮಾಡಿದ್ದೆ. ಅದೆ ಅಂತಾಯ್ತಲ್ಲ. ಆಗಲೇ ಕೈ ಮಾಡ್ದೆ, ತಡೀರಿ, ನಾನೂ ನೋಡ್ತೆ ಅಂತ. ನಿಮಗೆ ಕೇಳ್ಲಿಲ್ಲ ಕಾಣ್ತದೆ.”

ದೀಪದ ಮಸಿ. ತುಳಸಿದಾಸನಿಗೆ ಒಮ್ಮೆಲೇ ಎಲ್ಲ ತಿಳಿಯಿತು. ಕುಂಕುಮ, ಸೀರೆಯ ಬಣ್ಣ, ತಲೆಯ ಬಣ್ಣ, ಬಿಸಿಲಿನ ಕಪ್ಪು, ಇದನ್ನೆಲ್ಲ ಹಾದುಹೋಗುವ ಆ ಬೆಳಕು ಮಸಿಯನ್ನು ಮಾತ್ರ ಹಾದುಹೋಗಲಾರದು. ಎರಡು ತಿಂಗಳು ಗಾಳಿಮರ ಕಾಯ್ದ ಕ್ಯಾಮರಾ ಇವತ್ತು ಒಂದೇ ಒಂದು ಒಳ್ಳೆಯ ಫೋಟೋ ತೆಗೆದಿತ್ತು. ಅದನ್ನು ಅವನು ಹೆಬ್ಬೆರಳಿನಿಂದ ಒರೆಸಿ, ಉಳಿದದ್ದನ್ನು ಬಾಳೆಲೆಯಲ್ಲಿ ಕಟ್ಟಿ ಕಡಲಿಗೆ ಕಳಿಸಿದ್ದ. ತನ್ನ ಮೇಲೆ ತನಗೇ ಬಂದ ನಾಚಿಕೆಗೆ ಅವನು ತಲೆ ಎತ್ತಲಿಲ್ಲ.

ಆಗಲೂ ನಿಜ ಹೇಳಲಿಲ್ಲ. “ತೋರಿಸ್ತೇನೆ ಅತ್ತೆ, ಸ್ವಲ್ಪ ತಡೀರಿ” ಎಂದ.

“ಆಯ್ತು” ಎಂದು ಗಂಗೆ ಅಲ್ಲೇ ಕೂತಳು.

ಐದು ಗಂಟೆಗೆ ಬೋಟು ತಿರುಗಿ ಬಂತು. ಮೊದಲ ದಿನ ಸುಮ್ಮನೆ ಶಾಸ್ತ್ರಕ್ಕೆಂದು ಬಿಟ್ಟ ಬಲೆಗೆ ಬಂಗಡೆ ಬುಟ್ಟಿಗಟ್ಟಲೆ ಬಿದ್ದಿತ್ತು. ದಂಡೆಯ ಮೇಲೆ ಜಾತ್ರೆಯಾಯಿತು. ಅಷ್ಟರಲ್ಲಿ ಹಚ್ಚೆಯ ಸುದ್ದಿ ಮನೆಯಿಂದ ಮನೆಗೆ ಹೋಗಿ ಜಟ್ಟುವನ್ನು ಮುಟ್ಟಿತ್ತು.

“ನಾ ಬೆಳಿಗ್ಗೇನೇ ಹೇಳಿದ್ನಲ್ಲ” ಎಂದ ಜಟ್ಟು. ಬೆಳಿಗ್ಗೆ ಅವನು ಹೇಳಿದ್ದು ಬೇರೆ. “ಗಂಗಕ್ಕನ ಬೊಟ್ಟು ಎದ್ದು ಬಂದಾಗಲೇ ನಂಗೆ ಗೊತ್ತಾಯ್ತು. ಬೋಟಿಗೆ ಅದರದ್ದೇ ಹೆಸರು, ಅದರದ್ದೇ ಗುಣ.”

ಉಮೇಶ ಮೈತುಂಬ ಮೀನಿನ ಹುರುಪೆ ಅಂಟಿಸಿಕೊಂಡು ಬಂದು ತುಳಸಿದಾಸನ ಎರಡೂ ಕೈ ಹಿಡಿದ. “ಭಾವ, ನಮ್ಮ ಫೋಟೋ ಹೋಗ್ಲಿ. ಆಯಿದು ಬೊಟ್ಟು ಕಾಣೂದು ಒಂದಿತ್ತಲ್ಲ, ಅದನ್ನ ದೊಡ್ಡದು ಮಾಡಿ ಬೋಟಿಗೆ ಹಾಕ್ವಾ.”

“ಅದು ಎಲ್ಲಿದೆ ಉಮೇಶ? ನೀವೇ ಅಳಿಸಿ ಅಂದ್ರಿ. ಚಿಪ್ಪು ನೀನೇ ಕಡಲಿಗೆ ಹಾಕಿದೆ.”

ಹಿತ್ತಿಲಿನಿಂದ ಬಂದು ಹಿಂದೆ ನಿಂತಿದ್ದ ಗಂಗೆಗೆ ವಿಷಯ ತಿಳಿದದ್ದು ಆಗಲೇ. ಅವಳು ಅನ್ನಬೇಕಾದ್ದನ್ನು ಉಳಿದವರೆಲ್ಲ ಅಂದರು.

“ನಾವು ಹೇಳೂದು ಹೇಳ್ತೇವೆ” ಎಂದ ಜಟ್ಟು. “ಕಲಿತವ್ರು ನೀವು. ಒಂದು ಪ್ರತಿ ಇಟ್ಕಳ್ಳೂದಲ್ವೋ?”

“ನಂದು ಅಳಿಸಿ ಅಂದೆ, ಹೌದು” ಎಂದಳು ದಮಯಂತಿ. “ಆಯಿದು ಯಾರು ಅಳಿಸಿ ಅಂದ್ರು ಭಾವ? ಹತ್ತು ವರ್ಷದಿಂದ ಕೇಳ್ತಾ ಇತ್ತು ಪಾಪ.”

ಸುಮಲತಾ ಗಂಡನ ಮುಖ ನೋಡಿದಳು. ಬೆಳಿಗ್ಗೆ ತೆಗೆದದ್ದಕ್ಕೆ ಬೈಸಿಕೊಂಡವನು ಸಂಜೆ ಅಳಿಸಿದ್ದಕ್ಕೆ ಬೈಸಿಕೊಂಡ. ಎರಡು ಸಲವೂ ಬೈದವರು ಅವರೇ, ಎರಡು ಸಲವೂ ಬೈಗುಳ ಸರಿಯಾಗಿಯೇ ಇತ್ತು.

ಸೂರ್ಯ ಕಡಲಿನಿಂದ ಇನ್ನೂ ಒಂದು ಮಾರು ಮೇಲಿದ್ದ. ತುಳಸಿದಾಸನಿಗೆ ಹೊಳೆಯಿತು. ಚಿಪ್ಪಿಲ್ಲದೆ ಫೋಟೋ ಉಳಿಯುವುದಿಲ್ಲ, ಆದರೆ ಪರದೆಯ ಮೇಲೆ ಕಾಣುವುದಕ್ಕೆ ಚಿಪ್ಪು ಬೇಡ. ಅವನು ಗಂಗೆಯನ್ನು ಸೂರ್ಯನ ಕಡೆ ಮುಖ ಮಾಡಿಸಿ ಮರಳಿನ ಮೇಲೆ ಕೂರಿಸಿ, ಕ್ಯಾಮರಾವನ್ನು ಅವಳತ್ತ ಹಿಡಿದ. ಎಲ್ಲರೂ ಅವನ ಬೆನ್ನ ಹಿಂದೆ ಬಂದು ನಿಂತರು.

ಪರದೆಯಲ್ಲಿ ಗಂಗೆ ಇದ್ದಳು. ಬಿಸಿಲಿನ ಕಪ್ಪು, ಕಲೆ, ಸಣ್ಣ ಸುಕ್ಕುಗಳು ಒಂದೂ ಇರಲಿಲ್ಲ. ಮುಖ ಹಾಲಿನಂತೆ ನುಣ್ಣಗಿತ್ತು. ಹುಬ್ಬುಗಳ ನಡುವೆ, ಎಪ್ಪತ್ತು ವರ್ಷದ ಹಿಂದೆ ಯಾರೋ ಕೂರಿಸಿದ ಜಾಗದಲ್ಲಿ, ಬೊಟ್ಟು ಕೂತಿತ್ತು. ಉಮೇಶ ಹುಟ್ಟಿದಂದಿನಿಂದ ನೋಡುತ್ತ ಬಂದ ಮುಖ ಅದು, ಆದರೂ ಅವನು ಇನ್ನೊಂದು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದ. ಸುಮಲತಾ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, “ಆಯಿ ಹುಡುಗಿ ಹಂಗೆ ಕಾಣ್ತದೆ” ಎಂದಳು.

“ಕಾಣ್ತದೆಯೋ?” ಎಂದು ಎದುರಿಗಿದ್ದ ಗಂಗೆ ಕೇಳಿದಳು.

“ಕಾಣ್ತದೆ ಆಯಿ. ಚಲೋ ಕಾಣ್ತದೆ.”

“ನಂಗೂ ತೋರ್ಸಿ.”

ತುಳಸಿದಾಸ ಕ್ಯಾಮರಾವನ್ನು ತಿರುಗಿಸಿ ಪರದೆಯನ್ನು ಅವಳ ಮುಖದೆದುರು ಹಿಡಿದ. ಗಂಗೆ ಕಣ್ಣು ಕಿರಿದು ಮಾಡಿ ನೋಡಿದಳು.

“ಇದು ಜಟ್ಟು” ಎಂದಳು.

ಹೌದು. ಪರದೆ ಅವಳ ಕಡೆ ತಿರುಗಿದಾಗ ಕ್ಯಾಮರಾದ ಕಣ್ಣು ಜಟ್ಟುವಿನ ಕಡೆ ತಿರುಗಿತ್ತು. ಅಲ್ಲಿ ನಿಂತ ಅಷ್ಟು ಜನಕ್ಕೂ ಕಾಣುವ ಬೊಟ್ಟು ಅದನ್ನು ಇಟ್ಟುಕೊಂಡವಳೊಬ್ಬಳಿಗೆ ಕಾಣುವಂತಿರಲಿಲ್ಲ.

“ಮಾವಾ, ಪರದೆದೇ ಮೊಬೈಲಲ್ಲಿ ಒಂದು ಫೋಟೋ ತೆಗೀತೆ, ನೀವು ಮತ್ತೆ ಅಜ್ಜಿ ಕಡೆ ಹಿಡೀರಿ” ಎಂದಳು ರಕ್ಷಿತಾ. ಆ ದಿನದಲ್ಲಿ ಯಾರಾದರೂ ಆಡಿದ ಒಂದೇ ಬುದ್ಧಿಯ ಮಾತು ಅದು. ತುಳಸಿದಾಸ ಮತ್ತೆ ಹಿಡಿದ. ಬ್ಯಾಟರಿಯ ಗುರುತು ಕೆಂಪಾಗಿ ಮಿನುಗುತ್ತಿತ್ತು. “ಬೇಗ” ಎಂದ. ರಕ್ಷಿತಾ ಮೊಬೈಲು ತಂದಳು, ಸರಿಯಾಗಿ ಬರುತ್ತದೋ ಇಲ್ಲವೋ ನೋಡಲು ಜಟ್ಟು ತಲೆ ತಂದ. ಅವಳು ಒತ್ತಿದಳು. ಕ್ಯಾಮರಾ ಕತ್ತಲಾಯಿತು. ಇನ್ನೊಂದು ಬ್ಯಾಟರಿ ಹಬ್ಬುವಾಡದ ಮನೆಯ ಮೇಜಿನ ಮೇಲೆ, ಚಾರ್ಜಿಗೆ ಹಾಕಿದಲ್ಲೇ ಇತ್ತು.

ಎಲ್ಲರೂ ಮೊಬೈಲು ನೋಡಿದರು. ಹೊಳೆಯುವ ಪರದೆಯ ಮೇಲೆ ಕನ್ನಡಿಯಲ್ಲಿ ಬಿದ್ದ ಹಾಗೆ ಜಟ್ಟುವಿನ ಮುಖ ಬಿದ್ದಿತ್ತು. ಬಾಯಿ ಅರ್ಧ ತೆರೆದಿತ್ತು. ಹಿಂದಿನ ಗಂಗೆ ಬಹುತೇಕ ಅವನೊಳಗೆ ಮರೆಯಾಗಿದ್ದಳು. ಬೊಟ್ಟೊಂದು ಮಾತ್ರ ಸ್ಪಷ್ಟವಾಗಿ, ಜಟ್ಟುವಿನ ಹಣೆಯ ಮೇಲೆ ಬಂದು ಕೂತಿತ್ತು.

“ಅಡ್ಡಿಲ್ಲ, ಚಲೋ ಬಂದದೆ” ಎಂದ ಜಟ್ಟು.

“ಇದನ್ನೇ ಫ್ರೇಮ್ ಹಾಕ್ಸ್ವಾ” ಎಂದ ಉಮೇಶ, ಸ್ವಲ್ಪ ಯೋಚಿಸಿ. “ಬೊಟ್ಟಾದ್ರೂ ಅದೆಯಲ್ಲ.”

ಗಂಗಾಮಾತಾದಲ್ಲಿ ಇಂದಿಗೂ ಆ ಫೋಟೋವೇ ಇದೆ. ಕಡಲಿಗಿಳಿಯುವ ಮೊದಲು ಎಲ್ಲರೂ ಜಟ್ಟುವಿಗೆ ಕೈ ಮುಗಿಯುತ್ತಾರೆ.

ಹೊರಡುವಾಗ ದಮಯಂತಿ ಬಂಗಡೆಯ ಚೀಲವನ್ನು ಸ್ಕೂಟರಿಗೆ ಕಟ್ಟಿಕೊಟ್ಟಳು. ತುಳಸಿದಾಸ ಗಂಗೆಯ ಕಾಲು ಮುಟ್ಟಿ, “ಮುಂದಿನ ಸಲ ಖಂಡಿತ, ಅತ್ತೆ. ಹೊಸ ಚಿಪ್ಪು ಹಾಕ್ಕೊಂಡು ಇದಕ್ಕಾಗೇ ಬರ್ತೇನೆ” ಎಂದ.

ಹತ್ತು ವರ್ಷದಲ್ಲಿ ಮೊದಲ ಸಲ ಗಂಗೆ “ಆಯ್ತು” ಎನ್ನಲಿಲ್ಲ.

“ಬೇಡ ಅಳಿಯಾ” ಎಂದಳು. ಸಿಟ್ಟಿನಿಂದಲ್ಲ, ನಗುತ್ತಲೇ ಎಂದಳು. “ಅಳಿಸೂಕೆ ಬರದ್ದು ಅಂತ ಹೇಳಿ ನನ್ನ ಆಯಿ ಹೊಯ್ಸಿದ್ದು. ನಿಮ್ಮ ಮಾವ ಹೋದಾಗ ಈ ಕೇರಿ ಹೆಂಗಸ್ರೆಲ್ಲ ಸೇರಿ ಒರಸಿದ್ರೂ ಹೋಗ್ಲಿಲ್ಲ. ನೀವು ಒಂದು ಗುಂಡಿ ಒತ್ತಿ ಅಳಿಸಿದ್ರಿ. ಇನ್ನು ಅದು ಯಾರಿಗೂ ಕಾಣ್ದೆ ಇದ್ದಲ್ಲೇ ಇರ್ಲಿ.”

ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಒಳಗೆ ಹೋದಳು. ತುಳಸಿದಾಸ ಸ್ಕೂಟರ್ ಚಾಲು ಮಾಡಿದ. ಕಾರವಾರ ಮುಟ್ಟುವವರೆಗೆ ಕ್ಯಾಮರಾ ಅವನ ಕುತ್ತಿಗೆಯಲ್ಲೇ ನೇತಾಡುತ್ತಿತ್ತು.